ಎರಡು ಸಾಕೆಟ್ ಬೋರ್ಡಿಗೆ ಡ್ಯುಯಲ್-ಕೋರ್: ಆಪ್ಟೆರಾನ್ ಹಾಕಲೇ, ಜಿಯಾನ್ ಕೊಳ್ಳಲೇ?

ಕೇಳಿದ್ದು, ಹಾಸನದಿಂದ

ನಮ್ಮ ಕಾಲೇಜಿನ ಲ್ಯಾಬಿಗೆ ಎರಡು ಸಾಕೆಟ್‌ನ ಹಳೇ ವರ್ಕ್‌ಸ್ಟೇಷನ್ ಬಂದಿದೆ. ಸಾಕೆಟ್ 940, ಎಎಂಡಿಯ ಎರಡು ಆಪ್ಟೆರಾನ್ 246 ಪ್ರೊಸೆಸರ್, ಒಂದೊಂದರಲ್ಲಿ ಒಂದೇ ಕೋರ್. ರ‍್ಯಾಮ್ ಸ್ಲಾಟು 4, ನಾಲ್ಕೂ ಒಂದೇ ಪ್ರೊಸೆಸರ್ ಪಕ್ಕದಲ್ಲಿವೆ. ಪ್ಯಾರಲಲ್ ಪ್ರೋಗ್ರಾಮಿಂಗ್ ಪಾಠಕ್ಕೆ ಇದನ್ನು ನಾಲ್ಕು ಕೋರ್ ಮಾಡಿ, ನ್ಯೂಮಾ (ಹತ್ತಿರದ ಮೆಮರಿ ಬೇಗ, ದೂರದ್ದು ತಡ ಅನ್ನುವ ವ್ಯವಸ್ಥೆ) ಅಂದರೆ ಏನು ಅಂತ ವಿದ್ಯಾರ್ಥಿಗಳಿಗೆ ಅಳೆದು ತೋರಿಸಬೇಕು ಅಂತ ಆಸೆ. ಸೆಕೆಂಡ್ ಹ್ಯಾಂಡ್ ಆಪ್ಟೆರಾನ್ 270 ಹಾಕಲಾ ಅಥವಾ ಇಂಟೆಲ್ ಜಿಯಾನ್ 5100 ಸರಣಿಯ ಬೋರ್ಡನ್ನೇ ತರಲಾ? ಮಾಡಿದವರು ತಿಳಿಸಿ.

ಬೆಂಗಳೂರಿನಿಂದ, ಸರ್ವರ್ ರಿಪೇರಿ ಕೆಲಸದವರು

ಮೇಡಂ, ಪ್ರೊಸೆಸರ್ ಮಾತು ಆಮೇಲೆ. ನಿಮ್ಮ ಬೋರ್ಡಿನಲ್ಲಿ ಸ್ಲಾಟುಗಳು ಎಲ್ಲಿವೆ ಅಂತ ನೀವೇ ಬರೆದಿದ್ದೀರಲ್ಲ, ಇಡೀ ವಿಷಯ ಅಲ್ಲೇ ಇದೆ. ಆಪ್ಟೆರಾನ್‌ನಲ್ಲಿ ಮೆಮರಿ ಕಂಟ್ರೋಲರ್ ಚಿಪ್ಪಿನ ಒಳಗೇ ಇರುತ್ತದೆ. ಒಳ್ಳೆಯ ಬೋರ್ಡಿನಲ್ಲಿ ಪ್ರತಿ ಪ್ರೊಸೆಸರ್‌ಗೂ ಅದರದೇ ರ‍್ಯಾಮ್, ನಡುವೆ ಹೈಪರ್‌ಟ್ರಾನ್ಸ್‌ಪೋರ್ಟ್ ಲಿಂಕು. ಅಗ್ಗದ ಬೋರ್ಡುಗಳಲ್ಲಿ ಎಲ್ಲಾ ರ‍್ಯಾಮನ್ನೂ ಮೊದಲನೇ ಪ್ರೊಸೆಸರ್‌ಗೆ ಕೊಟ್ಟುಬಿಟ್ಟಿರುತ್ತಾರೆ. ಎರಡನೆಯದು ಪ್ರತಿ ಸಲವೂ ಮೊದಲನೆಯದರ ಮೂಲಕವೇ ಹೋಗಿ ತರಬೇಕು. ಡಿಡಿಆರ್-400 ಜೋಡಿ ಚಾನೆಲ್‌ಗೆ ಸಿಗುವುದು ಸೆಕೆಂಡಿಗೆ 6.4 ಗಿಗಾಬೈಟ್. ನಿಮ್ಮ ಬೋರ್ಡಿನಲ್ಲಿ ಅಷ್ಟನ್ನೇ ನಾಲ್ಕು ಕೋರ್ ಹಂಚಿಕೊಳ್ಳಬೇಕಾಗುತ್ತದೆ. ಎರಡೂ ಕಡೆ ರ‍್ಯಾಮ್ ಇದ್ದರೆ ಒಟ್ಟು 12.8. ಮುಖ್ಯವಾಗಿ, ನಿಮ್ಮ ಬೋರ್ಡಿನಲ್ಲಿ 270 ಹಾಕಿದರೂ ಒಂದು ಕಡೆಯ ಕೋರ್‌ಗಳಿಗೆ ಹತ್ತಿರದ ಮೆಮರಿಯೇ ಇಲ್ಲ. ಅರ್ಧ ಪಾಠ ಹೋಯಿತು.

ಹಾಗಾಗಿ ಬೋರ್ಡು ಬದಲಿಸಿ. ಸಾಕೆಟ್ 940ರಲ್ಲೇ ಇರುವುದಾದರೆ ಟಯಾನ್ ಥಂಡರ್ ಕೆ8ಡಬ್ಲ್ಯುಇ ಹುಡುಕಿ. 8 ಸ್ಲಾಟು, ಒಂದೊಂದು ಪ್ರೊಸೆಸರ್‌ಗೆ ನಾಲ್ಕು. ಅದರಲ್ಲಿ ಇನ್ನೊಂದು ವಿಶೇಷ ಇದೆ: ಎರಡನೇ ಗ್ರಾಫಿಕ್ಸ್ ಸ್ಲಾಟು ಎರಡನೇ ಪ್ರೊಸೆಸರ್‌ಗೆ ಅಂಟಿಕೊಂಡಿದೆ, ಆ ಸಾಕೆಟ್ ಖಾಲಿ ಬಿಟ್ಟರೆ ಸ್ಲಾಟೂ ಸತ್ತ ಹಾಗೆ. ಕೊಳ್ಳುವಾಗ ಅಂಗಡಿಯವರು ಒಂದೇ ಪ್ರೊಸೆಸರ್ ಹಾಕಿ ತೋರಿಸಿದರೆ ಒಪ್ಪಬೇಡಿ, ಎರಡನ್ನೂ ಹಾಕಿಸಿ, ಎರಡೂ ಕಡೆ ರ‍್ಯಾಮ್ ಕೂರಿಸಿ ಬಯೋಸ್‌ನಲ್ಲಿ ಲೆಕ್ಕ ನೋಡಿ.

ಈಗ ಪ್ರೊಸೆಸರ್. ಆಪ್ಟೆರಾನ್ ನಂಬರಿನ ಮೊದಲ ಅಂಕಿ ನೋಡಿಕೊಂಡರೆ ಸಾಕು. 1 ಅಂದರೆ ಒಂದೇ ಸಾಕೆಟ್‌ಗೆ, 2 ಅಂದರೆ ಎರಡರ ತನಕ, 8 ಅಂದರೆ ಎಂಟರ ತನಕ. 165, 170, 175 ಅಗ್ಗಕ್ಕೆ ಸಿಗುತ್ತವೆ ಅಂತ ತರಬೇಡಿ. ಅವು ಸಾಕೆಟ್ 939ರವು, ಕೂರುವುದೇ ಇಲ್ಲ. 865, 870 ಸಿಕ್ಕರೆ ಧಾರಾಳವಾಗಿ ತನ್ನಿ, ಎರಡು ಸಾಕೆಟ್ ಬೋರ್ಡಿನಲ್ಲಿ ಸಲೀಸಾಗಿ ನಡೆಯುತ್ತವೆ. 270ಕ್ಕೂ ನಿಮ್ಮ 246ಕ್ಕೂ ಗಡಿಯಾರದ ವೇಗ ಒಂದೇ, 2.0 ಗಿಗಾಹರ್ಟ್ಸ್. ಕೋರ್ ಎರಡಾದರೆ ಏನಾಗುತ್ತದೆ ಅನ್ನುವುದನ್ನು ಬೇರೆ ಗೊಂದಲವಿಲ್ಲದೆ ತೋರಿಸಬಹುದು, ಪಾಠಕ್ಕೆ ಇದು ಬಹಳ ಒಳ್ಳೆಯದು. ಚಿಪ್ಪಿನ ಮುಚ್ಚಳದ ಮೇಲೆ ‘ಓಎಸ್‌ಎ270’ ಅಂತ ಶುರುವಾಗುವ ಸಾಲು ಇರುತ್ತದೆ. ಹಳೇ ಪೇಸ್ಟ್ ಒರೆಸಿ ಆ ಸಾಲನ್ನು ಕೊನೇ ಅಕ್ಷರದವರೆಗೂ ಓದಿ. ಎರಡರಲ್ಲೂ ಒಂದೇ ಇರಲಿ.

246ಗಳನ್ನು ಮಾತ್ರ ಗುಜರಿಗೆ ಹಾಕಬೇಡಿ. ಡ್ಯುಯಲ್-ಕೋರ್ ಆಪ್ಟೆರಾನ್ ಬಂದಿದ್ದು 2005ರ ಏಪ್ರಿಲ್‌ನಲ್ಲಿ. ಅದಕ್ಕಿಂತ ಮುಂಚಿನ ಬಯೋಸ್ ಇರುವ ಬೋರ್ಡು ಅದನ್ನು ಗುರುತಿಸದೇ ಇರಬಹುದು. 246 ಹಾಕಿ ಬೂಟ್ ಮಾಡಿ, ಬಯೋಸ್ ಅಪ್‌ಡೇಟ್ ಮಾಡಿ, ಆಮೇಲೆ 270 ಕೂರಿಸಿ.

ಮಂಗಳೂರಿನಿಂದ, ವಿಡಿಯೋ ಎಡಿಟಿಂಗ್‌ನವರು

ನನ್ನ ಹತ್ತಿರ ಜಿಯಾನ್ 5160 ಜೋಡಿ ಇತ್ತು, 3.0 ಗಿಗಾಹರ್ಟ್ಸ್. ಶುದ್ಧ ವೇಗ ಕೇಳಿದರೆ 270 ಇದರ ಹತ್ತಿರವೂ ಸುಳಿಯುವುದಿಲ್ಲ. 2006ರಲ್ಲಿ ಇದು ಬಂದಾಗ ರೆಂಡರಿಂಗ್ ಮಾಡುವವರೆಲ್ಲ ಈ ಕಡೆ ಬಂದಿದ್ದು ಸುಮ್ಮನೆ ಅಲ್ಲ. ಆದರೆ ಮೇಡಂ ಕೇಳುತ್ತಿರುವ ಕೆಲಸಕ್ಕೆ ಇದು ಆಗುವುದಿಲ್ಲ. ಎರಡು ಪ್ರೊಸೆಸರ್‌ಗೂ ಬೇರೆ ಬೇರೆ ಬಸ್ ಇದ್ದರೂ ಎರಡೂ ಹೋಗಿ ಸೇರುವುದು ಬೋರ್ಡಿನ ಒಂದೇ ಚಿಪ್ಪಿಗೆ, ಅಂದರೆ ನಾರ್ತ್‌ಬ್ರಿಜ್‌ಗೆ, ರ‍್ಯಾಮ್ ಇರುವುದು ಅದರ ಆಚೆ. ಇಬ್ಬರಿಗೂ ಒಂದೇ ದೂರ. ನ್ಯೂಮಾ ಅನ್ನುವುದೇ ಇಲ್ಲ.

ಬೇರೆ ಕೆಲಸಕ್ಕೆ ಜಿಯಾನ್ ತರುವವರಿಗೆ ಎರಡು ಮಾತು. ಇದರ ರ‍್ಯಾಮ್ ಎಫ್‌ಬಿ-ಡಿಮ್, ಮಾಮೂಲಿ ಡಿಡಿಆರ್2 ಸ್ಲಾಟಿಗೆ ಹೋಗುವುದಿಲ್ಲ. ಪ್ರತಿ ಕಡ್ಡಿಯ ಮಧ್ಯೆ ಒಂದು ಬಫರ್ ಚಿಪ್ ಇದೆ, ಅದು ಕೈ ಸುಡುವಷ್ಟು ಕಾಯುತ್ತದೆ, ಮೇಲೆ ಗಾಳಿ ಆಡಲೇಬೇಕು. ಹೀಟ್‌ಸಿಂಕ್ ಸ್ಕ್ರೂಗಳು ಬೋರ್ಡಿನ ತೂತಿನಿಂದ ಇಳಿದು ಕ್ಯಾಬಿನೆಟ್ಟಿನ ತಳಕ್ಕೇ ಕಚ್ಚುತ್ತವೆ. ಸಾಮಾನ್ಯ ಕ್ಯಾಬಿನೆಟ್‌ನಲ್ಲಿ ಆ ಜಾಗದಲ್ಲಿ ಕಂಬವೇ ಇರುವುದಿಲ್ಲ. ಪಿನ್ನುಗಳು ಬೋರ್ಡಿನ ಸಾಕೆಟ್‌ನಲ್ಲಿವೆ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ, ಸಾಲು ಸಾಲಾಗಿ ಒಂದೇ ತರ ಮಿನುಗಬೇಕು. ಎಲ್ಲಾದರೂ ಒಂದು ಚುಕ್ಕೆ ಕಪ್ಪಾಗಿ ಕಂಡರೆ ಆ ಬೋರ್ಡು ಬೇಡ.

ಧಾರವಾಡದಿಂದ

ನಾನು 940 ಬಿಡ್ರಿ ಅಂತೀನಿ. ಸಾಕೆಟ್ ಎಫ್ ನೋಡ್ರಿ, 1207 ಸಂಪರ್ಕದ್ದು, 2006ರ ಆಗಸ್ಟ್‌ನಾಗ ಬಂದದ್ದು. ಆಪ್ಟೆರಾನ್ 2212, 2214, 2216 ಎಲ್ಲಾ ಡ್ಯುಯಲ್-ಕೋರ್. ನ್ಯೂಮಾ ಹಂಗೇ ಇರ್ತದ, ಆದ್ರ ರ‍್ಯಾಮ್ ಡಿಡಿಆರ್2 ರಿಜಿಸ್ಟರ್ಡ್ (ಸರ್ವರಿಗೆ ಹಾಕೂ ತರದ್ದು). 940ಕ್ಕ ಬೇಕಾದ ಹಳೇ ರಿಜಿಸ್ಟರ್ಡ್ ಡಿಡಿಆರ್ ಹುಡುಕೂದೇ ದೊಡ್ಡ ಕೆಲಸ ಆಗ್ತದ. ಡೆಸ್ಕ್‌ಟಾಪ್ ಡಿಡಿಆರ್ ಸ್ಲಾಟಿಗೆ ಕೂಡ್ತದ, ಆದ್ರ ಮಷೀನ್ ಏಳೂದಿಲ್ಲ. ಎಸ್‌ಎಂಪಿಎಸ್ (ಪವರ್ ಸಪ್ಲೈ) ಬಗ್ಗೆ ಯಾರೂ ಬರೀಲಿಲ್ಲ: 24 ಪಿನ್ ಜೊತಿ 8 ಪಿನ್ ಸಿಪಿಯು ಕನೆಕ್ಟರ್ ಅದರೊಳಗ ಇರಬೇಕು, ಅಡಾಪ್ಟರ್ ಹಚ್ಚಬ್ಯಾಡ್ರಿ. ಬೋರ್ಡು 12 ಇಂಚು, 13 ಇಂಚು ಇರ್ತದ, ಕ್ಯಾಬಿನೆಟ್ ಅಳತಿ ಮೊದಲ ಮಾಡ್ರಿ. ಮತ್ತ ಸಾಕೆಟ್ ಸುತ್ತಲಿನ ಕೆಪಾಸಿಟರ್ ತಲಿ ಉಬ್ಬ್ಯಾವೇನು ನೋಡ್ರಿ.

ಹಾಸನದಿಂದ

ಎಲ್ಲರಿಗೂ ತುಂಬಾ ಧನ್ಯವಾದ. ರ‍್ಯಾಮ್ ವಿಷಯ ಕೇಳಿದ ಮೇಲೆ ಸಾಕೆಟ್ ಎಫ್ ಕಡೆಗೇ ಮನಸ್ಸು ವಾಲಿದೆ. ಎಸ್.ಪಿ. ರೋಡಿನಲ್ಲಿ ವಿಚಾರಿಸುತ್ತೇನೆ. ಯಾವ ಲಿನಕ್ಸ್ ಹಾಕಲಿ? ಮಕ್ಕಳಿಗೆ ಏನು ಮಾಡಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ?

ಬೆಂಗಳೂರಿನಿಂದ, ಸರ್ವರ್ ರಿಪೇರಿ ಕೆಲಸದವರು

ಧಾರವಾಡದವರು ಹೇಳಿದ್ದು ಸರಿ, ಅದನ್ನೇ ಮಾಡಿ ಮೇಡಂ. ಲಿನಕ್ಸ್‌ಗೆ ಡೆಬಿಯನ್ 12 ಆಗುತ್ತದೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಈ ಪ್ರೊಸೆಸರ್‌ಗಳ ಮೇಲೆ ಏಳುವುದಿಲ್ಲ, ಅದು ಕೇಳುವ ಎಸ್‌ಎಸ್‌ಇ 4.2 ಅನ್ನುವ ಸೂಚನೆಗಳ ಗುಂಪು ಇವುಗಳಲ್ಲಿ ಇಲ್ಲ.

ಬಯೋಸ್‌ನಲ್ಲಿ ‘ನೋಡ್ ಇಂಟರ್‌ಲೀವ್’ ಅಂತ ಇರುತ್ತದೆ, ಅದನ್ನು ಆಫ್ ಮಾಡಿ. ಆನ್ ಇದ್ದರೆ ಎರಡೂ ಕಡೆಯ ರ‍್ಯಾಮನ್ನು ಬೆರೆಸಿ ಒಂದೇ ಮಾಡಿಬಿಡುತ್ತದೆ. ನ್ಯೂಮಾಸಿಟಿಎಲ್ (numactl) ಅನ್ನುವ ಟೂಲ್ ಹಾಕಿಕೊಂಡು ಹಾರ್ಡ್‌ವೇರ್ ವಿವರ ಕೇಳಿ, ಎರಡು ನೋಡ್ ಕಾಣಬೇಕು (ಒಂದು ಪ್ರೊಸೆಸರ್ ಮತ್ತು ಅದರ ಪಕ್ಕದ ಮೆಮರಿ ಸೇರಿ ಒಂದು ನೋಡ್).

ಮೊದಲ ಪ್ರಯೋಗ: ಒಂದು ದೊಡ್ಡ ಅರೇ ಕೂಡುವ ಪ್ರೋಗ್ರಾಂ. ಕೋರ್ ನೋಡ್ 0ರಲ್ಲಿ, ಮೆಮರಿಯೂ ನೋಡ್ 0ರಲ್ಲಿ ಇಟ್ಟು ಓಡಿಸಿ. ಆಮೇಲೆ ಮೆಮರಿ ಮಾತ್ರ ನೋಡ್ 1ಕ್ಕೆ ಕಟ್ಟಿ ಅದನ್ನೇ ಓಡಿಸಿ, ಸಮಯ ಬರೆದುಕೊಳ್ಳಲಿ.

ಎರಡನೆಯದು ಇನ್ನೂ ಚೆಂದ. ನಾಲ್ಕು ಥ್ರೆಡ್‌ಗಳನ್ನು ನಾಲ್ಕು ಕೋರ್‌ಗೆ ಕಟ್ಟಿಹಾಕಿ. ಅರೇಗೆ ಸೊನ್ನೆ ತುಂಬುವ ಕೆಲಸವನ್ನು ಒಮ್ಮೆ ಮುಖ್ಯ ಥ್ರೆಡ್ ಒಂದರಿಂದಲೇ ಮಾಡಿಸಿ, ಇನ್ನೊಮ್ಮೆ ನಾಲ್ಕೂ ಥ್ರೆಡ್ ತಮ್ಮ ತಮ್ಮ ಪಾಲಿಗೆ ತುಂಬಲಿ. ಮೆಮರಿಯ ಪುಟವನ್ನು ಯಾವ ನೋಡ್ ಮೊದಲು ಮುಟ್ಟುತ್ತದೋ ಅಲ್ಲೇ ಲಿನಕ್ಸ್ ಅದಕ್ಕೆ ಜಾಗ ಕೊಡುತ್ತದೆ. ಲೆಕ್ಕ ಮಾಡುವ ಸಾಲುಗಳು ಎರಡರಲ್ಲೂ ಒಂದೇ, ಬದಲಾಗಿದ್ದು ಸೊನ್ನೆ ತುಂಬಿದ ಲೂಪ್ ಮಾತ್ರ. ಸಮಯ ಯಾಕೆ ಬೇರೆ ಬಂತು ಅಂತ ಉತ್ತರ ಹೇಳದೆ ಅವರನ್ನೇ ಕೇಳಿ. ಬಂದ ಅಂಕಿಗಳನ್ನು ಇಲ್ಲಿಗೂ ಹಾಕಿ ಮೇಡಂ, ನೋಡಬೇಕು.