ಸಹಾಯ ಬೇಕು: ಫೆಡರಲ್ ಕೋರ್ಟಿಗೆ ವರ್ಗವಾದ ಸಿವಿಲ್ ದಾವೆ

ವಕೀಲ ಮಿತ್ರರಿಗೆ ನಮಸ್ಕಾರ. ಗ್ರೀನ್ ಕಾರ್ಡ್ ಪಡೆದು ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಾನು, ಹಣ ಪಡೆದು ಅಡುಗೆಮನೆಯ ಗೋಡೆ ಒಡೆದು ಹಾಗೆಯೇ ಬಿಟ್ಟುಹೋದ ಒಂದು ಎಲ್‌ಎಲ್‌ಸಿಯ (ಸೀಮಿತ ಹೊಣೆಗಾರಿಕೆಯ ಕಂಪನಿಯ) ವಿರುದ್ಧ 90,000 ಡಾಲರಿಗೆ ರಾಜ್ಯದ ಕೋರ್ಟಿನಲ್ಲಿ ದಾವೆ ಹೂಡಿದ್ದೆ. ತಾವು ಡೆಲವೇರ್‌ನಲ್ಲಿ ನೋಂದಾಯಿತರು, ಹಾಗಾಗಿ ನ್ಯೂಜೆರ್ಸಿಯವರಲ್ಲ, ಮೊತ್ತವೂ ಇದಕ್ಕೆ ಬೇಕಾದ 75,000 ಡಾಲರ್ ಮೀರಿದೆ ಎಂದು ಅವರು ಅದನ್ನು ಫೆಡರಲ್ ಕೋರ್ಟಿಗೆ ಒಯ್ದಿದ್ದಾರೆ.

ಆದರೆ ಎಲ್‌ಎಲ್‌ಸಿಯ ಪೌರತ್ವವನ್ನು ನಿರ್ಧರಿಸುವುದು ನೋಂದಣಿಯ ಸ್ಥಳವಲ್ಲ, ಅದರ ಪ್ರತಿಯೊಬ್ಬ ಸದಸ್ಯರ ಪೌರತ್ವ. ಅವರಲ್ಲಿ ಒಬ್ಬರು ನ್ಯೂಜೆರ್ಸಿಯ ಪೌರರಾಗಿದ್ದರೂ ಸಾಕು, ಅದೇ ರಾಜ್ಯದಲ್ಲಿ ನೆಲೆಸಿರುವ ನನ್ನ ಈ ವ್ಯಾಜ್ಯ ಆ ಕೋರ್ಟಿನ ನ್ಯಾಯವ್ಯಾಪ್ತಿಗೆ ಬರುವುದಿಲ್ಲ. ಅವರ ಒಬ್ಬ ಸದಸ್ಯರು ಇಲ್ಲಿಯವರೇ ಎಂಬುದು ನನ್ನ ಬಲವಾದ ನಂಬಿಕೆ. ಫೆಡರಲ್ ಸಿವಿಲ್ ಕಾರ್ಯವಿಧಾನದ ನಿಯಮ 7.1ರಂತೆ ಸಲ್ಲಿಸಬೇಕಾದ ಪೌರತ್ವದ ಹೇಳಿಕೆಯನ್ನು ಅವರು ಇನ್ನೂ ಕೊಟ್ಟಿಲ್ಲ.

ಮೊದಲು ಅದಕ್ಕೆ ಒತ್ತಾಯಿಸಬೇಕೆ, ಇಲ್ಲವೇ ನೇರವಾಗಿ ರಿಮ್ಯಾಂಡ್ ಅರ್ಜಿ (ದಾವೆಯನ್ನು ರಾಜ್ಯದ ಕೋರ್ಟಿಗೆ ಮರಳಿಸುವಂತೆ ಕೋರುವ ಅರ್ಜಿ) ಹಾಕಬೇಕೆ? ವ್ಯಾಪ್ತಿಯ ಆಕ್ಷೇಪಣೆಗೆ ಅಂತಿಮ ತೀರ್ಪಿನವರೆಗೆ ಅವಕಾಶವಿದ್ದರೂ, ಕಾರ್ಯವಿಧಾನದ ದೋಷಗಳನ್ನೆತ್ತಲು ಇರುವ 30 ದಿನಗಳಲ್ಲಿ ಈಗ 12 ಮಾತ್ರ ಉಳಿದಿವೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.