ಮೂರು ವರ್ಷದ ದ್ರಾಕ್ಷಿ ಬಳ್ಳಿ: ಚಪ್ಪರ ತುಂಬಾ ಎಲೆ, ಒಂದು ಗೊಂಚಲೂ ಇಲ್ಲ

ಮಹಡಿ ಕೈತೋಟ, ಚಿಕ್ಕಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಊರೊಳಗೇ ಇದೆ. ಕಾಂಪೌಂಡ್ ಪಕ್ಕ ಒಂದೂವರೆ ಅಡಿ ಮಣ್ಣಿನ ಜಾಗ ಬಿಟ್ಟಿದ್ದೆವು. ಅಲ್ಲಿ ದ್ರಾಕ್ಷಿ ನೆಟ್ಟು, ಮಹಡಿಗೆ ಹತ್ತಿಸಿ, ಪೈಪಿನ ಚಪ್ಪರಕ್ಕೆ ಹಬ್ಬಿಸಿದ್ದೇವೆ. ಕಡ್ಡಿ ಕೊಟ್ಟಿದ್ದು ನಮ್ಮ ಯಜಮಾನರ ದೊಡ್ಡಮ್ಮ. ಯಾವ ತಳಿ ಅಂತ ಕೇಳಿದರೆ "ದ್ರಾಕ್ಷಿ ಕಣಮ್ಮ" ಅಂದರು, ಅಷ್ಟೇ.

ಮೂರು ವರ್ಷ ಆಯಿತು. ಎಲೆ ಎಷ್ಟು ದಟ್ಟ ಅಂದರೆ ಹಪ್ಪಳ ಒಣಗಿಸೋಕೂ ಬಿಸಿಲು ಸಿಗುತ್ತಿಲ್ಲ. ಹಣ್ಣು ಮಾತ್ರ ಇಲ್ಲ. ದಿನಾ ನೀರು ಹಾಕುತ್ತೇನೆ, ತಿಂಗಳಿಗೊಮ್ಮೆ ಒಂದು ಹಿಡಿ ಯೂರಿಯಾ. ಕತ್ತರಿಸಿಲ್ಲ. ನೆರಳು ಹೋಗುತ್ತೆ ಅಂತ ಅತ್ತೆ ಒಪ್ಪಲ್ಲ. ಈಗ ನೋಡಿದರೆ ಎಲೆ ಹಿಂದೆ ಬೆಳ್ಳಗಾಗಿದೆ. ಔಷಧಿ ಅಂಗಡಿಯಲ್ಲಿ ಬೂಜು ರೋಗ ಅಂತ ಒಂದು ಪೊಟ್ಟಣ ಕೊಟ್ಟಿದ್ದಾರೆ. ಹೊಡೆಯಲಾ?

ನಂದಿ ತಪ್ಪಲು

ಅಕ್ಕಾ, ಪೊಟ್ಟಣ ಪಕ್ಕಕ್ಕಿಡಿ. ಮೊದಲು ಎರಡು ವಿಷಯ ನೋಡಿ ಹೇಳಿ. ಬಿಳಿ ಇರೋದು ಎಲ್ಲಾ ಎಲೆಗೂ ಒಂದೇ ಸಮನಾಗಿಯೋ, ಅಲ್ಲಲ್ಲಿ ತೇಪೆಯಾಗಿಯೋ? ಬೆರಳಲ್ಲಿ ಒರೆಸಿದರೆ ಹೋಗುತ್ತಾ? ಬೂಜು ರೋಗ ಆದರೆ ಎಲೆಯ ಮೇಲ್ಭಾಗದಲ್ಲಿ ಎಣ್ಣೆ ಹನಿ ಬಿದ್ದ ಹಾಗೆ ಹಳದಿ ಕಲೆ ಇರುತ್ತದೆ, ಸರಿಯಾಗಿ ಅದರ ಹಿಂಬದಿಗೆ ಬಿಳಿ ಬೂಜು ಇರುತ್ತದೆ.

ಮಹಡಿ ಕೈತೋಟ, ಚಿಕ್ಕಬಳ್ಳಾಪುರ

ಮೇಲೆ ಹಳದಿ ಕಲೆ ಎಲ್ಲೂ ಇಲ್ಲ ಅಣ್ಣ. ಎಲ್ಲಾ ಎಲೆ ಹಿಂದೆಯೂ ಬಿಳಿ ಇದೆ, ಎಳೆ ಎಲೆಯಲ್ಲಿ ಇನ್ನೂ ಜಾಸ್ತಿ. ಒರೆಸಿದರೂ ಹೋಗಲ್ಲ, ಮೆತ್ತಗೆ ಇದೆ.

ನಂದಿ ತಪ್ಪಲು

ಹಾಗಾದರೆ ಅದು ರೋಗವೇ ಅಲ್ಲ. ನಿಮ್ಮ ಬಳ್ಳಿ ಬೆಂಗಳೂರು ಬ್ಲೂ ತಳಿ. ಅದರ ಎಲೆಯ ಹಿಂಬದಿ ಹುಟ್ಟಿನಿಂದಲೇ ಹಾಗೆ, ನವಿರಾದ ಬಿಳಿ ರೋಮ ಇರುತ್ತದೆ. ದಿಲ್‌ಖುಷ್ ತಳಿ ಆಗಿದ್ದರೆ ಇಷ್ಟು ಇರಲ್ಲ. ಬೀಜ ಇದೆ, ಸಿಪ್ಪೆ ದಪ್ಪ ಅಂತ ಬ್ಲೂ ದ್ರಾಕ್ಷಿಗೆ ಮೂಗು ಮುರಿಯುವವರು ಇದ್ದಾರೆ. ಇರಲಿ, 2013ರಲ್ಲಿ ಜಿಐ ಗುರುತು, ಅಂದರೆ ಇಂಥ ಊರಿನ ವಿಶೇಷ ಬೆಳೆ ಅನ್ನೋ ಭೌಗೋಳಿಕ ಗುರುತು, ಸಿಕ್ಕಿದ್ದು ಇದಕ್ಕೇ. ಜ್ಯೂಸಿಗೆ ಇದರ ಘಮ ಬೇರೆ ಯಾವುದಕ್ಕೂ ಇಲ್ಲ.

ಈಗ ಹಣ್ಣಿನ ವಿಷಯ. ಚಳಿ ದೇಶದಲ್ಲಿ ದ್ರಾಕ್ಷಿ ಎಲೆ ಉದುರಿಸಿ ಮಲಗುತ್ತದೆ, ಬಿಸಿಲು ಬಂದ ಮೇಲೆ ಚಿಗುರುತ್ತದೆ. ನಮ್ಮಲ್ಲಿ ಅಂಥ ಚಳಿ ಎಲ್ಲಿ? ತುದಿ ಬೆಳೆಯುತ್ತಲೇ ಹೋಗುತ್ತದೆ, ಹಿಂದಿನ ಕಣ್ಣುಗಳು, ಅಂದರೆ ಗೆಣ್ಣಿನಲ್ಲಿರುವ ಚಿಗುರಿನ ಮೊಗ್ಗುಗಳು, ಏಳೋದೇ ಇಲ್ಲ. ಗೊಂಚಲು ಬರೋದು ಬಲಿತ ಕಡ್ಡಿಯ ಕಣ್ಣಿಂದ ಹೊಸದಾಗಿ ಒಡೆದ ಚಿಗುರಿನಲ್ಲಿ. ಕತ್ತರಿ ಬಿದ್ದರೇನೇ ಆ ಕಣ್ಣು ಒಡೆಯೋದು.

ಒಂದು ಕುಡಿ ಕೈಯಲ್ಲಿ ಹಿಡಿದು ನೋಡಿ. ಎಲೆಯ ಎದುರು ಬದಿಗೆ, ಅದೇ ಗೆಣ್ಣಿನಲ್ಲಿ, ತಂತಿಗೆ ಸುತ್ತಿಕೊಳ್ಳುವ ಸುರುಳಿ ಇರುತ್ತದೆ. ಗೊಂಚಲು ಬರಬೇಕಾದ ಜಾಗವೂ ಅದೇ. ಕಣ್ಣಿನೊಳಗೆ ಗೊಂಚಲೋ ಸುರುಳಿಯೋ ಅನ್ನೋದು ಅದು ಒಡೆಯುವ ಎಷ್ಟೋ ಮುಂಚೆಯೇ ತೀರ್ಮಾನ ಆಗಿರುತ್ತದೆ. ಆಗ ಕಡ್ಡಿಗೆ ಬಿಸಿಲು ತಾಗಿರಬೇಕು. ಕತ್ತಲಲ್ಲಿ ಬೆಳೆದ ಕಡ್ಡಿ ಸುರುಳಿಯನ್ನೇ ಕೊಡುತ್ತದೆ. ಅದರ ಮೇಲೆ ಯೂರಿಯಾ ಬೇರೆ! ಅದನ್ನು ನಿಲ್ಲಿಸಿ. ಕೊಟ್ಟಿಗೆ ಗೊಬ್ಬರ ಹಾಕಿ, ಸೌದೆ ಒಲೆ ಬೂದಿ ಸಿಕ್ಕರೆ ಸ್ವಲ್ಪ ಸೇರಿಸಿ.

ಜೋರು ಮಳೆ ಹಿಂದೆ ಸರಿಯಲಿ, ಅಕ್ಟೋಬರ್ ನಡುವೆ ಕೆಲಸ ಶುರು ಮಾಡಿ. ಅದಕ್ಕೂ ಹತ್ತು ಹದಿನೈದು ದಿನ ಮುಂಚೆ ನೀರು ಕಡಿಮೆ ಮಾಡಿ. ಬುಡದಿಂದ ಚಪ್ಪರದವರೆಗೆ ಒಂದೇ ಕಾಂಡ ಉಳಿಸಿ, ದಾರಿಯಲ್ಲಿ ಹುಟ್ಟಿದ್ದೆಲ್ಲ ತೆಗೆಯಿರಿ. ಚಪ್ಪರದ ಮೇಲೆ ಎಡಕ್ಕೊಂದು ಬಲಕ್ಕೊಂದು ದಪ್ಪ ತೋಳು ಇಟ್ಟುಕೊಳ್ಳಿ. ಆ ತೋಳಿನ ಮೇಲೆ ಗೇಣಿಗೊಂದರಂತೆ, ಪೆನ್ಸಿಲ್ ದಪ್ಪದ ಕಂದು ಕಡ್ಡಿ ಸಾಕು. ಹಸಿರು ಕಡ್ಡಿ ಬೇಡ. ಉಳಿಸಿದ ಕಡ್ಡಿಗಳನ್ನು ನಾಲ್ಕೈದು ಕಣ್ಣು ಬಿಟ್ಟು ಕತ್ತರಿಸಿ. ಈ ಲೆಕ್ಕ ಬ್ಲೂಗೆ ಮಾತ್ರ. ಥಾಮ್ಸನ್ ಅನ್ನೋ ಬೀಜವಿಲ್ಲದ ತಳಿಗೆ ಹೀಗೆ ಗಿಡ್ಡ ಮಾಡಿದರೆ ಬೆಳೆ ಹೋಯಿತು, ಅದರ ಗೊಂಚಲಿನ ಕಣ್ಣು ಇನ್ನೂ ದೂರದಲ್ಲಿರುತ್ತದೆ.

ಕತ್ತರಿಸಿದ ಬಾಯಿಂದ ನೀರು ತೊಟ್ಟಿಕ್ಕುತ್ತದೆ. ಬಳ್ಳಿ ಸಾಯುತ್ತೆ ಅಂತ ಗಾಬರಿ ಬೇಡ, ತಾನಾಗಿ ನಿಲ್ಲುತ್ತದೆ. ಅತ್ತೆಯವರಿಗೆ ಹೇಳಿ, ಒಂದೂವರೆ ಎರಡು ತಿಂಗಳಲ್ಲಿ ಅವರ ನೆರಳು ವಾಪಸ್ ಬರುತ್ತದೆ. ಹಣ್ಣು ಫೆಬ್ರವರಿ, ಮಾರ್ಚ್ ಹೊತ್ತಿಗೆ.

ಕೋಲಾರದ ಡ್ರಮ್ ತೋಟ

ನಂದಿ ಅಣ್ಣ ಹೇಳಿದ್ದು ಸರಿ. ಒಂದು ಸೇರಿಸ್ತೀನಿ. ಎಲೆ ಅಂಚು ಸುಟ್ಟು ಕಂದು ಆಗುತ್ತಿದ್ದರೆ ನೀರು ನೋಡಿ. ನಮ್ಮ ಕಡೆ ಬೋರ್ ನೀರು ಗಡಸು, ಡ್ರಮ್ಮಿನಲ್ಲಿ ಉಪ್ಪು ಕಟ್ಟಿಕೊಳ್ಳುತ್ತದೆ. ಮಳೆ ನೀರು ಹಿಡಿದಿಟ್ಟು ಆಗಾಗ ತಳದಿಂದ ಹರಿದುಹೋಗುವಷ್ಟು ಹಾಕುತ್ತೇನೆ. ತೋಟದವರು ಇದಕ್ಕೇ ಉಪ್ಪು ತಡೆಯುವ ಡಾಗ್‌ರಿಡ್ಜ್ ಅನ್ನೋ ದ್ರಾಕ್ಷಿ ಬೇರಿನ ಮೇಲೆ ಕಸಿ ಕಟ್ಟಿಸುತ್ತಾರೆ. ಬ್ಲೂ ಮಾತ್ರ ಸ್ವಂತ ಬೇರಲ್ಲೇ ಚೆನ್ನಾಗಿ ಬರುತ್ತದೆ.

ತುಮಕೂರು ಹಿತ್ತಲು

ಬೂಜು ರೋಗ ಅಲ್ಲ, ನಿಜ. ಆದರೆ ದ್ರಾಕ್ಷಿಗೆ ಚಿಬ್ಬು ರೋಗವೂ ಬರುತ್ತದೆ. ಮಳೆಯಲ್ಲಿ ಎಳೆ ಚಿಗುರಿನ ಮೇಲೆ ಕಪ್ಪು ಗುಳಿ ಚುಕ್ಕೆ, ಎಲೆಯಲ್ಲಿ ಸಣ್ಣ ತೂತು ಕಂಡರೆ ಅದೇ. ಕತ್ತರಿಸಿದ ಮೇಲೆ ಬೋಳು ಕಡ್ಡಿಗೆ ಬೋರ್ಡೋ ದ್ರಾವಣ ಹೊಡೆಯಿರಿ. 10 ಲೀಟರಿಗೆ 100 ಗ್ರಾಂ ಮೈಲುತುತ್ತ (ಕಾಪರ್ ಸಲ್ಫೇಟ್), 100 ಗ್ರಾಂ ಸುಣ್ಣ. ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ. ಹಳೇ ಕಬ್ಬಿಣದ ಚಾಕು ಅದ್ದಿ ನೋಡಿ. ಅಲಗಿನ ಮೇಲೆ ತಾಮ್ರದ ಕೆಂಪು ಹಿಡಿದರೆ ಇನ್ನೂ ಸ್ವಲ್ಪ ಸುಣ್ಣ ಬೇಕು. ಮಾಡಿದ ದಿನವೇ ಮುಗಿಸಿ, ಮಿಕ್ಕಿದ್ದು ನಾಳೆಗೆ ಆಗಲ್ಲ.

ಮಹಡಿ ಕೈತೋಟ, ಚಿಕ್ಕಬಳ್ಳಾಪುರ

ಎಲ್ಲರಿಗೂ ಥ್ಯಾಂಕ್ಸ್. ಅತ್ತೆ ಓದಿಸಿಕೊಂಡು ಕೇಳಿದರು. "ಅರ್ಧ ಈಗ ಕಡಿ, ಅರ್ಧ ಆಮೇಲೆ" ಅಂತಾರೆ. ಆಗುತ್ತಾ? ಮತ್ತೆ ಹಣ್ಣು ಕೀಳೋದು ಯಾವಾಗ ಅಂತ ಹೇಗೆ ಗೊತ್ತಾಗುತ್ತೆ?

ನಂದಿ ತಪ್ಪಲು

ಒಂದೇ ಬಳ್ಳಿಯಲ್ಲಿ ಅರ್ಧ ಬಿಟ್ಟರೆ ಬಿಟ್ಟ ಕಡೆಯ ತುದಿಗಳೇ ಸತ್ವ ಎಳೆದುಕೊಳ್ಳುತ್ತವೆ. ನಾನಾದರೆ ಪೂರ್ತಿ ಕತ್ತರಿಸುತ್ತೇನೆ. ಅತ್ತೆಗೆ ಆ ಎರಡು ತಿಂಗಳು ಹಪ್ಪಳಕ್ಕೆ ಬಿಸಿಲು ಸಿಗುತ್ತದೆ ಅನ್ನಿ, ಒಪ್ಪಬಹುದು.

ಕೀಳೋಕೆ ಅವಸರ ಬೇಡ. ಬಣ್ಣ ಮೊದಲು ಬರುತ್ತದೆ, ಸಿಹಿ ಆಮೇಲೆ. ಕಿತ್ತಿಟ್ಟರೆ ಬಾಳೆಹಣ್ಣಿನ ಹಾಗೆ ಮಾಗಲ್ಲ. ಗೊಂಚಲಿನ ತುದಿಯ ಹಣ್ಣು ತಿಂದು ನೋಡಿ, ಅದು ಸಿಹಿಯಾಗಿದ್ದರೆ ಇಡೀ ಗೊಂಚಲು ಸರಿ. ಬಣ್ಣ ತಿರುಗಿದ ಕೂಡಲೇ ಬಲೆ ಹಾಕಿ, ಇಲ್ಲದಿದ್ದರೆ ಹಗಲು ಪಿಕಳಾರ, ರಾತ್ರಿ ಬಾವಲಿ.

ಕತ್ತರಿಸಿದ ಕಡ್ಡಿ ಎಸೆಯಬೇಡಿ. ನಾಲ್ಕು ಕಣ್ಣಿನ ತುಂಡು ಮಾಡಿ, ಮೇಲೆ ಓರೆಯಾಗಿ, ಕೆಳಗೆ ನೇರವಾಗಿ ಕತ್ತರಿಸಿ. ತಲೆಕೆಳಗಾಗಿ ನೆಡೋದು ತಪ್ಪುತ್ತದೆ. ಎರಡು ಕಣ್ಣು ಮಣ್ಣಿನೊಳಗೆ ಇದ್ದರೆ ಸಾಕು.

ತುಮಕೂರು ಹಿತ್ತಲು

ಅಕ್ಕಾ, ಅದರಲ್ಲಿ ನಾಲ್ಕು ತುಂಡು ಒದ್ದೆ ಗೋಣಿಯಲ್ಲಿ ಸುತ್ತಿ ನಮಗೂ ಕಳಿಸ್ತೀರಾ? ಬಸ್ ಪಾರ್ಸಲ್ ದುಡ್ಡು ನಾನು ಕೊಡ್ತೀನಿ.