ಪದಚರ್ಚೆ: ಪಾಲಿಮರ್ ಫ್ರೇಮಿನ ಪಿಸ್ತೂಲಿಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಮಧ್ಯಾಹ್ನದೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಒಂದು ಅನುವಾದ ಕೈಯಲ್ಲಿದೆ. ನಾಳೆ ಹನ್ನೆರಡು ಗಂಟೆಗೆ ಕೊಡಬೇಕು. ವಾರಪತ್ರಿಕೆಯೊಂದು ಅಮೆರಿಕದ ಬಂದೂಕು ಹುಚ್ಚಿನ ಬಗ್ಗೆ ವಿಶೇಷ ಪುಟ ಮಾಡುತ್ತಿದೆ. ಅದರಲ್ಲಿ ಪಾಲಿಮರ್ (ಗಟ್ಟಿ ಪ್ಲಾಸ್ಟಿಕ್) ಫ್ರೇಮಿನ ಗ್ಲಾಕ್ 21 ಅನ್ನೋ ಪಿಸ್ತೂಲಿನ ಗುಣದೋಷ ಹೇಳುವ ಬರಹ ನನ್ನ ಪಾಲಿಗೆ ಬಂದಿದೆ. ಒಳಗಿನದ್ದು ಹೇಗೋ ಸಾಗಿತು. ತಲೆಬರಹದಲ್ಲಿ ಸಿಕ್ಕಿಕೊಂಡಿದ್ದೇನೆ. ಈಗ ಹೀಗಿದೆ:

"ಪಾಲಿಮರ್ ಚೌಕಟ್ಟಿನ ದೊಡ್ಡ ಕ್ಯಾಲಿಬರ್ ಕೈಬಂದೂಕು: ಸಾಧಕ ಬಾಧಕ"

ಗಟ್ಟಿಯಾಗಿ ಓದಿದೆ. ನನ್ನ ಮಗಳು "ಏನಮ್ಮಾ, ಫೋಟೋಗೆ ಕಟ್ಟು ಹಾಕಿಸ್ತಿದ್ದೀಯಾ?" ಅಂದಳು. ಅಲ್ಲಿಗೆ ಚೌಕಟ್ಟು ಮುಗಿಯಿತು.

ಬೇಕಾಗಿರೋದು ನಾಲ್ಕು: ಫ್ರೇಮ್, ಕ್ಯಾಲಿಬರ್ (ಗುಂಡಿನ ದಪ್ಪದ ಅಳತೆ), ಹ್ಯಾಂಡ್‌ಗನ್, ರಿಕಾಯಿಲ್ (ಗುಂಡು ಹಾರಿದಾಗ ಕೈಗೆ ಬೀಳುವ ಏಟು). ಪಾಲಿಮರ್ ಹಾಗೇ ಇರಲಿ ಅಂದುಕೊಂಡಿದ್ದೇನೆ. ದಯವಿಟ್ಟು ಪದ ಕೊಡಿ, ಪಾಠ ಬೇಡ.

— ಮೀ., ಬೆಂಗಳೂರು

---

> ಪಾಲಿಮರ್ ಹಾಗೇ ಇರಲಿ ಅಂದುಕೊಂಡಿದ್ದೇನೆ.

ಯಾಕೆ ಹಾಗೇ ಇರಬೇಕು? ಪಾಲಿ ಅಂದರೆ ಹಲವು, ಮೆರೋಸ್ ಅಂದರೆ ಪಾಲು. ಎರಡೂ ಗ್ರೀಕು. ಕನ್ನಡದಲ್ಲಿ "ಹಲಪಾಲು" ಅನ್ನಬಹುದು. ಹ್ಯಾಂಡ್‌ಗನ್ "ಕೈಕೋವಿ". ಬಂದೂಕು ನಮ್ಮದಲ್ಲ, ಕೋವಿ ನಮ್ಮದು. ಕ್ಯಾಲಿಬರ್‌ಗೆ "ಬಾಯಗಲ". ರಿಕಾಯಿಲ್ "ಹಿನ್ನೂಕು". ಸಾಧಕ ಬಾಧಕ ಪೂರಾ ಸಂಸ್ಕೃತ, "ಒಳಿತು ಕೆಡುಕು" ಸಾಕು.

"ಹಲಪಾಲು ಕಟ್ಟಿನ ಹಿರಿಬಾಯಿ ಕೈಕೋವಿ: ಒಳಿತು ಕೆಡುಕು." ಒಂದು ಎರವಲೂ ಇಲ್ಲ.

— ಬ., ಧಾರವಾಡ

---

ಹಲಪಾಲನ್ನು ನಾನು ಮೊದಲ ಸಲ ಹಾಲುಪಾಲು ಅಂತ ಓದಿದೆ. ಎರಡನೇ ಸಲ ನೀರುಪಾಲು ಅಂತ. "ಹಿರಿಬಾಯಿ" ನಮ್ಮ ಕಡೆ ಯಾರಾದರೂ ಹೆಂಗಸಿಗೆ ಅಂದರೆ ಜಗಳ ಆಗುತ್ತದೆ.

ಕ್ಯಾಲಿಬರ್ ಬಗ್ಗೆ ಮಾತ್ರ ಒಂದು ಮಾತು. ಇದು ಅರಬ್ಬಿಯ "ಖಾಲಿಬ್" ಪದದಿಂದ ಬಂದದ್ದು. ಖಾಲಿಬ್ ಅಂದರೆ ಅಚ್ಚು. ಅದಕ್ಕೂ ಹಿಂದೆ ಗ್ರೀಕಿನಲ್ಲಿ ಚಪ್ಪಲಿ ಹೊಲಿಯುವವರ ಮರದ ಕಾಲಚ್ಚಿಗೆ ಇದ್ದ ಹೆಸರು ಅಂತಾರೆ. ಚಮ್ಮಾರನ ಅಚ್ಚು ಕಮ್ಮಾರನ ಕೈಗೆ ಹೋಗಿ ಕೋವಿಯ ಅಳತೆ ಆಯಿತು. ಬಂದೂಕಿನ ಕತೆಯೂ ಹೀಗೇ. ಅರಬ್ಬಿಯಲ್ಲಿ ಬುಂದುಕ್ ಅಂದರೆ ಒಂದು ಜಾತಿಯ ಕಾಯಿ. ಕಾಯಿಯ ಹಾಗೆ ದುಂಡಗಿದ್ದ ಗುಂಡಿಗೆ ಆ ಹೆಸರು, ಆಮೇಲೆ ಗುಂಡು ಹಾರಿಸುವ ಆಯುಧಕ್ಕೂ ಅದೇ.

ಇನ್ನು ಪಿಸ್ತೂಲು. ಚೆಕ್ ಭಾಷೆಯಲ್ಲಿ "ಪೀಷ್ಟಾಲಾ" ಅಂದರೆ ಪೀಪಿ, ಕೊಳವೆ. ನಮ್ಮ ಕೋವಿ ಅಂದರೂ ಮೊದಲ ಅರ್ಥ ಕೊಳವೆಯೇ. ಎಲ್ಲೋ ಬೊಹೀಮಿಯಾದ ಸಿಪಾಯಿ, ಎಲ್ಲೋ ಮಲೆನಾಡಿನ ಈಡುಗಾರ, ಇಬ್ಬರೂ ಆ ವಸ್ತುವನ್ನು ನೋಡಿ ಒಂದೇ ಮಾತು ಹೇಳಿದರು. ಇಷ್ಟು ಚೆನ್ನಾಗಿ ಹೊಂದುವಾಗ ಪಿಸ್ತೂಲನ್ನು ಪರಕೀಯ ಅಂತ ಯಾಕೆ ದೂರ ಇಡಬೇಕು?

— ರಾ., ಮೈಸೂರು

---

ಪಿಸ್ತೂಲು ಇಟಲಿಯ ಪಿಸ್ತೋಯಾ ಊರಿನಿಂದ ಬಂತು ಅನ್ನೋ ವಾದವೂ ಇದೆ. ಸರ್ ತಮಗೆ ಬೇಕಾದ ಕಡೆಯದನ್ನು ಮಾತ್ರ ಹೇಳಿದ್ದಾರೆ.

— ಬ., ಧಾರವಾಡ

---

ಆ ವಾದ ಹಳೆಯದು, ಸೋತದ್ದು.

— ರಾ.

---

ಮೀ. ಅವರೇ, ಇವರಿಬ್ಬರನ್ನು ಬಿಡಿ. ನಾನು ಆಸ್ಟಿನ್‌ನಲ್ಲಿದ್ದೇನೆ. ಆಫೀಸಿನವರು ಒಮ್ಮೆ ಗುಂಡು ಹೊಡೆಯುವ ರೇಂಜಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಇದೇ ಗ್ಲಾಕ್ 21 ಬಾಡಿಗೆಗೆ ತೆಗೆದುಕೊಂಡು ಒಂದು ಪೆಟ್ಟಿಗೆ ಗುಂಡು ಮುಗಿಸಿದೆ. ಪಕ್ಕದವನ ಕೈಯಲ್ಲಿ 1911 ಅನ್ನೋ ಹಳೆಯ ಪಿಸ್ತೂಲು ಇತ್ತು. ಜಾನ್ ಬ್ರೌನಿಂಗ್ ಮಾಡಿದ್ದು, ಪೂರಾ ಉಕ್ಕು. ಅಮೆರಿಕದ ಸೇನೆ 1911ರಿಂದ 1985ರವರೆಗೆ ಅದನ್ನೇ ಅಧಿಕೃತ ಪಿಸ್ತೂಲಾಗಿ ಇಟ್ಟುಕೊಂಡಿತ್ತು. ಎರಡಕ್ಕೂ ಹಾಕೋದು ಒಂದೇ .45 ಎಸಿಪಿ ತೋಟಾ. ಅಂದರೆ ಸುಮಾರು 11.4 ಮಿಲಿಮೀಟರ್ ದಪ್ಪದ ಗುಂಡು.

1911 ಖಾಲಿ ಇದ್ದಾಗಲೇ 1.1 ಕೇಜಿ ಆಸುಪಾಸು. ಗ್ಲಾಕ್ ಮುಕ್ಕಾಲು ಕೇಜಿಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಇಡೀ ದಿನ ಸೊಂಟಕ್ಕೆ ಕಟ್ಟಿಕೊಂಡು ಓಡಾಡುವ ಪೊಲೀಸಿಗೆ ಅದು ಸಣ್ಣ ಲಾಭ ಅಲ್ಲ. ಹಳೆಯದರಲ್ಲಿ ಮ್ಯಾಗಜೀನಿಗೆ (ತೋಟಾ ತುಂಬುವ ಡಬ್ಬಿಗೆ) 7 ತೋಟಾ, ಇದರಲ್ಲಿ 13. ಆದರೆ ಆ 13 ಎರಡು ಸಾಲಾಗಿ ಕೂರಬೇಕಲ್ಲ, ಹಾಗಾಗಿ ಹಿಡಿ ದಪ್ಪ. ನನ್ನ ಕೈ ಚಿಕ್ಕದು. ಇಟ್ಟಿಗೆ ಹಿಡಿದ ಹಾಗಾಯಿತು. ಬೆರಳು ಟ್ರಿಗರಿಗೆ ತಲುಪಿಸೋಕೆ ಅಂಗೈ ಸರಿಸಬೇಕಾಯಿತು, ಸರಿಸಿದರೆ ಗುರಿ ತಪ್ಪಿತು. 1911ರ ಹಿಡಿಗೆ ಬೇಕಾದ ಮರದ ಪಟ್ಟಿ ಹಾಕಿಸಿಕೊಳ್ಳಬಹುದು. ಇದರಲ್ಲಿ ಹಿಡಿಯೂ ಒಡಲೂ ಒಂದೇ ಎರಕ. ಹಾಗೆ ಪಟ್ಟಿ ಬದಲಾಯಿಸೋಕಾಗಲ್ಲ. 2010ರಲ್ಲಿ ಬಂದ ನಾಲ್ಕನೇ ತಲೆಮಾರಿನಿಂದ ಹಿಂಬದಿಗೆ ಬೇರೆ ಬೇರೆ ಅಳತೆಯ ಪಟ್ಟಿ ಕೊಡುತ್ತಾರೆ. ಅದು ಹಿಡಿಯನ್ನು ದೊಡ್ಡ ಕೈಗೆ ಹೊಂದಿಸುತ್ತದೆ, ತೀರಾ ಚಿಕ್ಕದು ಮಾಡುವುದಿಲ್ಲ.

ಏಟಿನ ವಿಷಯ ತಮಾಷೆಯಾಗಿದೆ. ಹಗುರ ಇದ್ದಷ್ಟೂ ಜಾಸ್ತಿ ಎಗರಬೇಕು, ಲೆಕ್ಕ ಹಾಗೇ ಹೇಳುತ್ತದೆ. ಆದರೆ ಪ್ಲಾಸ್ಟಿಕ್ ಒಂದು ಕೂದಲೆಳೆಯಷ್ಟು ಬಾಗಿ ಏಟನ್ನು ಮೆತ್ತಗೆ ಮಾಡುತ್ತದೆ. ಉಕ್ಕು ಚುರುಕ್ ಅಂತ ಹೊಡೆದರೆ ಇದು ದೂಡುತ್ತದೆ. ಮಣಿಕಟ್ಟು ಸಡಿಲ ಬಿಟ್ಟರೆ ಮಾತ್ರ ಕಷ್ಟ. ಪಿಸ್ತೂಲೇ ಕೈಯ ಜೊತೆ ಹಿಂದೆ ಬಂದುಬಿಡುತ್ತದೆ, ಮೇಲೆ ಹಿಂದೆ ಮುಂದೆ ಓಡುವ ಭಾಗ, ಸ್ಲೈಡ್, ಪೂರ್ತಿ ಓಡುವುದಿಲ್ಲ, ಹಾರಿದ ತೋಟಾದ ಖಾಲಿ ಕವಚ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ನನಗೆ ಎರಡು ಸಲ ಆಯಿತು.

ಈಗ ನಿಮ್ಮ ಪದ. ಫ್ರೇಮ್ ಅಂದರೆ ಚೌಕಟ್ಟು ಅಲ್ಲವೇ ಅಲ್ಲ. ಅಮೆರಿಕದ ಕಾನೂನಿನ ಕಣ್ಣಲ್ಲಿ ಫ್ರೇಮೇ ಪಿಸ್ತೂಲು. ನಳಿಗೆ, ಸ್ಲೈಡ್, ಸ್ಪ್ರಿಂಗ್ ಎಲ್ಲ ಬಿಡಿಭಾಗ. ಸೀರಿಯಲ್ ನಂಬರ್ ಕೂಡ ಫ್ರೇಮಿನಲ್ಲೇ ಇರಬೇಕು. ಪ್ಲಾಸ್ಟಿಕ್ಕಿನ ಮೇಲೆ ಕೊರೆದರೆ ಉಜ್ಜಿ ಹಾಕಬಹುದು ಅಂತ ಗ್ಲಾಕಿನಲ್ಲಿ ಒಂದು ಪುಟ್ಟ ಲೋಹದ ತಗಡನ್ನೇ ಎರಕದಲ್ಲಿ ಹುದುಗಿಸಿ ಅದರ ಮೇಲೆ ನಂಬರ್ ಹೊಡೆದಿರುತ್ತಾರೆ. ಉಳಿದದ್ದೆಲ್ಲ ಕೂತುಕೊಳ್ಳುವ ದೇಹ ಅದು. "ಒಡಲು" ಅನ್ನಿ.

— ಶ್ರೀ., ಆಸ್ಟಿನ್

---

ಒಡಲು ಒಪ್ಪಿದೆ. ಶ್ರೀ. ಅವರೇ, ತುಂಬಾ ಉಪಕಾರ. "ಪಾಲಿಮರ್ ಒಡಲಿನ ಪಿಸ್ತೂಲು". ಗ್ಲಾಕ್ ರಿವಾಲ್ವರ್ ಅಲ್ಲ, ಹಾಗಾಗಿ ಹ್ಯಾಂಡ್‌ಗನ್ ಅನ್ನೋದನ್ನು ಬಿಟ್ಟೇಬಿಡುತ್ತೇನೆ. ಕ್ಯಾಲಿಬರ್ ಮತ್ತು ರಿಕಾಯಿಲ್ ಬಾಕಿ. ಕ್ಯಾಲಿಬರ್‌ಗೆ "ಬೋರ್" ಹಾಕಿದರೆ ಆಗುತ್ತಾ? ಕ್ರೈಮ್ ಸುದ್ದಿಯಲ್ಲಿ ಹಾಗೇ ಬರೆಯುತ್ತಾರೆ.

— ಮೀ.

---

ಬೋರ್ ಹಾಕಬೇಡಿ ಅಕ್ಕ. ನಮ್ಮನೇಲಿ ಕೋವಿ ಇದೆ, ಅಜ್ಜನ ಕಾಲದ್ದು. ಹನ್ನೆರಡು ಬೋರಿನ ಜೋಡುನಳಿಗೆ. ಲೈಸೆನ್ಸಿನಲ್ಲಿ ಡಿಬಿಬಿಎಲ್ (ಹಿಂದಿನಿಂದ ತೋಟಾ ತುಂಬುವ ಜೋಡುನಳಿಗೆ) ಅಂತಿದೆ, ಮನೆಯಲ್ಲಿ ಕೋವಿ ಅಂತೀವಿ, ಪಕ್ಕದ ಕೊಡವರ ಮನೆಯಲ್ಲಿ ತೋಕ್ ಅಂತಾರೆ. ಕೈಲ್ ಪೊಳ್ದ್ ಹಬ್ಬದ ದಿನ ಅವರು ನಳಿಗೆ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆ ಹೂವಿಗೇ ಕೋವಿಯ ಹೆಸರು.

ವಿಷಯ ಏನಪ್ಪಾ ಅಂದ್ರೆ ನಮ್ಮ ಬೋರು ಉಲ್ಟಾ ಲೆಕ್ಕ. ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪವೋ ಅದು ಹನ್ನೆರಡು ಬೋರು. ಇಪ್ಪತ್ತು ಮಾಡಿದರೆ ಗುಂಡು ಚಿಕ್ಕದಾಗುತ್ತದೆ. ನಂಬರ್ ಜಾಸ್ತಿಯಾದಷ್ಟೂ ತೂತು ಸಣ್ಣ. ಪಿಸ್ತೂಲಿಗೆ ಪಾಯಿಂಟ್ ಮೂವತ್ತೆರಡು ಬೋರ್ ಅಂತ ಬರೆಯುತ್ತಾರೆ ನಿಜ, ನಿಷೇಧಿತ ಬೋರ್ ಅಂತ ಕಾನೂನಿನವರೂ ಅಂತಾರೆ. ಅಲ್ಲಿ ಇಂಚಿನ ಲೆಕ್ಕ. ನೀವು "ದೊಡ್ಡ ಬೋರು" ಅಂದ್ರೆ ನಮ್ಮೂರಿನವರು ನಂಬರ್ ದೊಡ್ಡದೋ ತೂತು ದೊಡ್ಡದೋ ಅಂತ ಕೇಳುತ್ತಾರೆ. "ದಪ್ಪ ಗುಂಡಿನ ಪಿಸ್ತೂಲು" ಅಂತ ಬರೀರಿ. ಮುಗೀತು.

ರಿಕಾಯಿಲ್‌ಗೆ ಹಿನ್ನೂಕು ಅಂತ ಈವತ್ತೇ ಕೇಳಿದ್ದು. ಕೋವಿ ಒದೆಯುತ್ತದೆ. ಒದೆ, ಒದೆತ. ಹಿಡಿಯನ್ನು ಭುಜಕ್ಕೆ ಒತ್ತಿ ಹಿಡೀದೆ ಮೊದಲ ಈಡು ಹೊಡೆದಾಗ ನನಗೆ ಹದಿನೆಂಟು ವರ್ಷ. ಎಂಟು ದಿನ ಭುಜ ನೇರಳೆ ಹಣ್ಣಿನ ಬಣ್ಣ ಇತ್ತು. ಆಗ ಯಾರೂ "ಹಿನ್ನೂಕಿತಾ?" ಅಂತ ಕೇಳಲಿಲ್ಲ. "ಒದೀತಾ?" ಅಂದ್ರು.

ಪ್ಲಾಸ್ಟಿಕ್ಕಿನದು ಒಳ್ಳೆಯದೇ ಅನ್ನಿಸುತ್ತದೆ. ಆಷಾಢದಲ್ಲಿ ನಮ್ಮಲ್ಲಿ ಗೋಡೆಗೂ ಬೂಸ್ಟು. ವಾರಕ್ಕೊಂದು ಸಲ ಎಣ್ಣೆ ಬಟ್ಟೆಯಲ್ಲಿ ಉಜ್ಜಬೇಕು. ಒಂದು ವಾರ ಮರೆತಿದ್ದೆ, ಕುದುರೆಯ ಹತ್ತಿರ ಕೆಂಪಗೆ ತುಕ್ಕು ಎದ್ದಿತ್ತು. ಹಿಡಿಯ ಮರ ನೀರು ಕುಡಿದು ಉಬ್ಬಿತ್ತು. ಅಪ್ಪ ಒಂದು ಮಾತೂ ಆಡದೆ ಸೀಮೆಎಣ್ಣೆ ಡಬ್ಬಿ ತಂದು ನನ್ನ ಮುಂದೆ ಇಟ್ಟರು.

— ಪೂ., ಕೊಡಗು

---

ಟ್ರಿಗರಿಗೆ "ಕುದುರೆ"! ಇಷ್ಟು ಹೊತ್ತು ಎಲ್ಲರೂ ಟ್ರಿಗರ್ ಟ್ರಿಗರ್ ಅಂತಿದ್ದರು. ಇದೇ ನಾನು ಹೇಳೋದು. ಪದ ಇದೆ, ನಾವು ಮರೆತಿದ್ದೇವೆ. ಒದೆತವೂ ಚೆನ್ನಾಗಿದೆ, ನನ್ನ ಹಿನ್ನೂಕನ್ನು ವಾಪಸ್ ತೆಗೆದುಕೊಂಡೆ. ಆದರೆ ಕೋವಿ ಇರುವಾಗ ಪಿಸ್ತೂಲು ಯಾಕೆ?

— ಬ., ಧಾರವಾಡ

---

ಯಾಕೆಂದರೆ ಕೋವಿ ಅಂದರೆ ಉದ್ದದ್ದು. ಸೊಂಟದಲ್ಲಿ ಕೋವಿ ಇತ್ತು ಅಂತ ಯಾರೂ ಬರೆಯಲ್ಲ.

— ಪೂ.

---

ಪೂ. ಅವರಿಗೆ ಚಿಕ್ಕ ತಿದ್ದುಪಡಿ. ಗ್ಲಾಕಿನಲ್ಲಿ ತುಕ್ಕು ಹಿಡಿಯದಿರೋದು ಒಡಲು ಮಾತ್ರ. ಸ್ಲೈಡ್, ನಳಿಗೆ ಉಕ್ಕೇ. ತೂಕದಲ್ಲಿ ಮುಕ್ಕಾಲು ಭಾಗಕ್ಕೂ ಜಾಸ್ತಿ ಉಕ್ಕು. ಹಾಗಾಗಿಯೇ "ಏರ್‌ಪೋರ್ಟ್ ಯಂತ್ರಕ್ಕೆ ಕಾಣದ ಪ್ಲಾಸ್ಟಿಕ್ ಪಿಸ್ತೂಲು" ಅಂತ 1980ರ ದಶಕದಲ್ಲಿ ಎದ್ದ ಗುಲ್ಲು ಬರೀ ಗುಲ್ಲು. ಆ ಗದ್ದಲದಲ್ಲೇ 1988ರಲ್ಲಿ ಅಮೆರಿಕ ಒಂದು ಕಾನೂನನ್ನೂ ಮಾಡಿತು, ಯಂತ್ರಕ್ಕೆ ಸಿಗದ ಆಯುಧ ಮಾಡಬಾರದು ಅಂತ. ಗ್ಲಾಕಿಗೆ ಅದರಿಂದ ಏನೂ ಆಗಲಿಲ್ಲ. ಮೀ. ಅವರೇ, ಬರಹದಲ್ಲಿ "ಪ್ಲಾಸ್ಟಿಕ್ ಪಿಸ್ತೂಲು" ಅಂತ ಎಲ್ಲಾದರೂ ಬಂದಿದ್ದರೆ ತೆಗೆಯಿರಿ. ಪಾಲಿಮರ್ ಒಡಲು ಅಂದರೆ ಮಾತ್ರ ಸರಿ.

ಇನ್ನೊಂದು. ಮೊದಲ ಪಾಲಿಮರ್ ಪಿಸ್ತೂಲು ಗ್ಲಾಕ್ ಅಂತ ಬರೆದಿದ್ದರೆ ಅದೂ ತಪ್ಪು. ಜರ್ಮನಿಯ ಹೆಕ್ಲರ್ ಮತ್ತು ಕಾಖ್ ಕಂಪನಿ 1970ರಲ್ಲೇ ವಿಪಿ70 ಅಂತ ತಂದಿತ್ತು. ಗ್ಲಾಕನ್ನು ಆಸ್ಟ್ರಿಯಾದ ಸೇನೆ ತೆಗೆದುಕೊಂಡಿದ್ದು 1982ರಲ್ಲಿ. ಗೆದ್ದದ್ದು ಎರಡನೆಯದು, ಅಷ್ಟೆ.

— ಶ್ರೀ.

---

ಪಾಲಿಮರನ್ನು ಹಿಂದಿಯವರು ಬಹುಲಕ ಅಂತ ಮಾಡಿಕೊಂಡಿದ್ದಾರೆ. ನಮ್ಮ ಪಠ್ಯಪುಸ್ತಕದವರು ಪಾಲಿಮರ್ ಅಂತಲೇ ಬಿಟ್ಟರು. ನಾವು ಬಿಟ್ಟದ್ದೇ ಸರಿ. ಮ್ಯಾಗಜೀನ್ ಕೂಡ ಅರಬ್ಬಿಯ ಉಗ್ರಾಣದ ಪದದಿಂದ ಬಂದದ್ದು, ಯಾರಾದರೂ ಅಳುತ್ತಿದ್ದಾರಾ? ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನ ಮನೆಯನ್ನೇ 2017ರಲ್ಲಿ ರೈಲು ಹಳಿಗಾಗಿ ಎತ್ತಿ ಪಕ್ಕಕ್ಕೆ ಇಟ್ಟರು, ಒಂದು ಪದ ಅತ್ತಿತ್ತ ಆದರೆ ಏನು.

— ರಾ., ಮೈಸೂರು

---

ಮದ್ದಿನ ಮನೆ! ಮ್ಯಾಗಜೀನಿಗೆ ಅದೇ ಇರಲಿ. "13 ತೋಟಾ ಹಿಡಿಯುವ ಮದ್ದಿನ ಮನೆ."

— ಬ., ಧಾರವಾಡ

---

ಅದು ಸಾವಿರ ಟನ್ ತೂಕದ ಇಟ್ಟಿಗೆ ಕಟ್ಟಡ ಸ್ವಾಮಿ. ಅಂಗೈಯಗಲದ ತಗಡಿನ ಡಬ್ಬಿಗೆ ಆ ಹೆಸರೇ?

— ರಾ.

---

ಎರವಲು ಬೇಡ ಅಂದರೆ ತಮಾಷೆ, ಬೇಕು ಅಂದರೆ ವಿದ್ವತ್ತು. ತೋಟಾ ಎಲ್ಲಿಂದ ಬಂತು ಹೇಳಿ ನೋಡೋಣ. ಕಾಡತೂಸು? ತುಪಾಕಿ? ಫಿರಂಗಿ? ನೂರಾರು ವರ್ಷದಿಂದ ಬಂದವರೆಲ್ಲ ತಮ್ಮ ಆಯುಧದ ಜೊತೆ ಹೆಸರನ್ನೂ ಇಳಿಸಿ ಹೋದರು. ನಾವು ಹಿಡಿದುಕೊಂಡೆವು.

— ಬ., ಧಾರವಾಡ

---

ಹಿಡಿದುಕೊಂಡದ್ದನ್ನು ಬಳಸಿದೆವು, ಅದೇ ಭಾಷೆ.

— ರಾ.

---

ಸರ್, ಇಬ್ಬರೂ ಸ್ವಲ್ಪ ನಿಲ್ಲಿಸಿ. ಕಳಿಸಿಬಿಟ್ಟೆ. ಕೊನೆಗೆ ಹೀಗಾಯಿತು:

"ಪಾಲಿಮರ್ ಒಡಲಿನ ದಪ್ಪ ಗುಂಡಿನ ಪಿಸ್ತೂಲು: ಹಗುರ ಎಷ್ಟು, ಒದೆತ ಎಷ್ಟು"

ಸಾಧಕ ಬಾಧಕ ಹೋಯಿತು. ಒಳಗೆ .45 ಅಂತಲೇ ಬರೆದು ಕ್ಯಾಲಿಬರನ್ನು ಒಂದೇ ಕಡೆ ಉಳಿಸಿಕೊಂಡಿದ್ದೇನೆ. ಕುದುರೆಯನ್ನು ಎಲ್ಲ ಕಡೆ ಹಾಕಿದ್ದೇನೆ. ಬೆಂಗಳೂರಿನ ಓದುಗರು ಗಾಬರಿಯಾದರೆ ಆಗಲಿ. ಮ್ಯಾಗಜೀನ್ ಮ್ಯಾಗಜೀನೇ.

ಒಂದೇ ಒಂದು ಉಳಿದಿದೆ. ಗುಂಡು ಹಾರಿದಾಗ ಮೇಲಿನ ಭಾಗ ಹಿಂದಕ್ಕೆ ಓಡಿ ಮುಂದೆ ಬರುತ್ತಲ್ಲ, ಆ ಸ್ಲೈಡ್. ಪೂ. ಅವರೇ, ನಿಮ್ಮ ಕಡೆ ಅದಕ್ಕೆ ಏನಂತೀರಿ?

— ಮೀ.

---

ನಮ್ಮ ಕೋವಿಗೆ ಅದಿಲ್ಲ ಅಕ್ಕ. ಮಧ್ಯಕ್ಕೆ ಮುರಿದು ತೋಟಾ ಹಾಕೋದು.

— ಪೂ., ಕೊಡಗು

---

"ಜಾರುಗ."

— ಬ., ಧಾರವಾಡ